ಬಲಕ್ಕೆ ಬಂದ ಚಕ್ರ

ಮನುಷ್ಯಕುಲದ ಇತಿಹಾಸವೆಲ್ಲ ಎಡಕ್ಕೂ ಬಲಕ್ಕೂ ನಡೆದ ಒಂದು ದೀರ್ಘ ವ್ಯಾಜ್ಯ ಎಂಬುದು ನನ್ನ ಖಚಿತ ಅಭಿಪ್ರಾಯ. ಗ್ರಂಥಗಳನ್ನು ಓದಿ ನಾನು ಈ ತೀರ್ಮಾನಕ್ಕೆ ಬಂದೆನೆಂದು ತಿಳಿಯಬೇಡಿ. ಪುಣೆಯ ನಾನಾ ಪೇಠೆಯ ಒಂದು ಗ್ಯಾರೇಜಿನಲ್ಲಿ, ಗ್ರೀಸಿನ ಡಬ್ಬಿಯ ಮೇಲೆ ತಿಳಿಯದೆ ಕೂತು, ಹೊಸ ಧೋತರ ಹಾಳು ಮಾಡಿಕೊಂಡು ಎದ್ದಾಗ ಬಂದೆ.

ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು: ನಾನು ಎಡಚ. ಹುಟ್ಟಿನಿಂದ ಎಡಚ, ಅವ್ವನ ಪರಿಶ್ರಮದಿಂದ ಬಲಗೈಯವ. ಧಾರವಾಡದಲ್ಲಿ, ನನಗೆ ಐದು ವರ್ಷವಾಗಿದ್ದಾಗ, ಅವ್ವ ಮಂಚದ ನವಾರದ ತುಂಡೊಂದರಿಂದ ನನ್ನ ಎಡಗೈಯನ್ನು ಸೊಂಟಕ್ಕೆ ಬಿಗಿದು ಊಟಕ್ಕೆ ಕೂಡಿಸುತ್ತಿದ್ದಳು. ಯಾವ ಅಪರಾಧಕ್ಕೆ ಈ ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಮದುಮಗಳು ಬಲಗಾಲಿಟ್ಟು ಒಳಗೆ ಬರಬೇಕು, ದೇವರನ್ನು ಬಲಕ್ಕೆ ಬಿಟ್ಟುಕೊಂಡು ಸುತ್ತಬೇಕು, ತೀರ್ಥ ಬಲಗೈಯಲ್ಲಿ ಹಿಡಿಯಬೇಕು. ಎಡಗೈಗೆ ನಮ್ಮ ಪೂರ್ವಜರು ಬಿಟ್ಟುಕೊಟ್ಟಿರುವ ಒಂದೇ ಕೆಲಸ ಯಾವುದೆಂದು ನಿಮಗೆ ಗೊತ್ತಿದೆ, ಬರೆಯಬೇಕಾಗಿಲ್ಲ. ಮುಂದೆ ನಾಲ್ಕಕ್ಷರ ಕಲಿತ ಮೇಲೆ ಅರ್ಧನಾರೀಶ್ವರನನ್ನು ಸಾಕ್ಷಿಗೆ ಕರೆದೆ. ಜಗನ್ಮಾತೆ ನಿಂತಿರುವುದೇ ಎಡಗಡೆ ಎಂದು ಅವ್ವನಿಗೆ ಹೇಳಿದೆ. “ನಿಂತಿರಲಿ. ಆಕಿ ಎಡಗೈಲೆ ತುಪ್ಪ ಹಾಕಿಸ್ಕೊಳ್ಳೂದಿಲ್ಲ,” ಅಂದಳು. ದಾವೆ ಅಲ್ಲಿಗೆ ವಜಾ ಆಯಿತು.

ಇಷ್ಟು ಹಳೆಯ ಸಿಟ್ಟನ್ನು ಒಳಗಿಟ್ಟುಕೊಂಡವನ ಎದುರಿಗೆ ಆ ಲಾರಿ ಬಂದು ನಿಂತಿತು.

ಮಹಾಯುದ್ಧ ಮುಗಿದ ಮರುವರ್ಷ. ನನ್ನ ಅಕ್ಕನ ಗಂಡ ಭೀಮರಾಯರು ಅಸ್ಸಾಮಿನ ಕಡೆ ಸೈನ್ಯದ ಲಾರಿಗಳನ್ನು ಓಡಿಸಿ, ಸೈನ್ಯಕ್ಕೆ ಇನ್ನು ತಮ್ಮಿಂದ ಉಪಯೋಗವಿಲ್ಲವೆಂದು ಗೊತ್ತಾದ ದಿನ ಬಿಡುಗಡೆಯ ಕಾಗದ ಹಿಡಿದು ಪುಣೆಗೆ ಮರಳಿದ್ದರು. ಅದೇ ಹೊತ್ತಿಗೆ, ತಮ್ಮಿಂದಲೂ ಉಪಯೋಗವಿಲ್ಲವೆನ್ನಿಸಿಕೊಂಡ ಅಮೇರಿಕದ ಲಾರಿಗಳು ಹರಾಜಿಗೆ ಬಂದಿದ್ದವು. ಸಮಾನದುಃಖಿಗಳು ಒಬ್ಬರನ್ನೊಬ್ಬರು ಗುರುತಿಸಿದರು. ಭಾವ ಒಂದು ಲಾರಿ ತಂದರು. ಆನೆಯ ಬಣ್ಣ, ಆನೆಯ ಗಾತ್ರ, ಆನೆಯದೇ ಹೊಟ್ಟೆ. ಬಾರಾಮತಿಯ ಬೆಲ್ಲದ ವ್ಯಾಪಾರಿಯೊಬ್ಬರು ಮಾತು ಕೊಟ್ಟರು: ದೀಪಾವಳಿಗೆ ಮೊದಲು ಗಾಡಿ ಪಾಸಾಗಿ ಬಂದರೆ ಈ ಸುಗ್ಗಿಯ ಬೆಲ್ಲವೆಲ್ಲ ನಿಮ್ಮ ಲಾರಿಯಲ್ಲೇ ಪುಣೆಗೆ, ಬಾರದಿದ್ದರೆ ಭೋರ್ ಊರಿನ ಲಾರಿಯವನೊಬ್ಬ ಕಾಯುತ್ತಿದ್ದಾನೆ. ಭಾವನವರಿಗೆ ಬೇರೆ ಉದ್ಯೋಗವಿರಲಿಲ್ಲ. ಅಕ್ಕ ದೇವರ ಮುಂದೆ ಎರಡು ದೀಪ ಹಚ್ಚತೊಡಗಿದಳು, ಒಂದು ದೇವರಿಗೆ, ಒಂದು ಲಾರಿಗೆ.

ಪಾಸು ಮಾಡಬೇಕಾದ ಇನ್ಸ್‌ಪೆಕ್ಟರ್ ಸಾಹೇಬರು ಬಂದು, ಒಂದು ಸುತ್ತು ಹಾಕಿ (ಬಲಕ್ಕೇ), ತಲೆ ಅಲ್ಲಾಡಿಸಿದರು. ಗಾಡಿ ತಿರುಗಿಸುವ ಚಕ್ರ ಎಡಕ್ಕಿದೆ. ಅಮೇರಿಕದವರು ರಸ್ತೆಯ ಬಲಮಗ್ಗುಲಿಗೆ ಓಡುವ ಜನ, ಆದ್ದರಿಂದ ಸಾರಥಿ ಎಡಕ್ಕೆ ಕೂರುತ್ತಾನೆ. ನಾವು ಎಡಮಗ್ಗುಲಿಗೆ ಓಡುವವರು; ಇಲ್ಲಿ ಎಡಕ್ಕೆ ಕೂತವನಿಗೆ ಮುಂದಿನ ಗಾಡಿಯ ಬೆನ್ನು ಬಿಟ್ಟು ಏನೂ ಕಾಣದು, ಕೈ ಹೊರಗೆ ಚಾಚಿ ಸನ್ನೆ ಮಾಡಿದರೆ ಗಟಾರಿಗೇ ಮಾಡಬೇಕು. ಚಕ್ರ ಬಲಕ್ಕೆ ಬರಲಿ, ಆಮೇಲೆ ನೋಡೋಣ ಎಂದರು.

ನನಗೆ ರಕ್ತ ಕುದಿಯಿತು. ರಸ್ತೆಗೆ ಎಡಮಗ್ಗುಲೇ ಧರ್ಮ ಎಂದು ಕಲಿಸಿದವರು ಇಂಗ್ಲಿಷರು. ಅವರು ಗಂಟುಮೂಟೆ ಕಟ್ಟುವ ಗಡಿಬಿಡಿಯಲ್ಲಿದ್ದರು. ಹೊರಟು ನಿಂತ ಅತಿಥಿಗಾಗಿ ಅಡಿಗೆಮನೆಯನ್ನೇ ಕಿತ್ತು ಕಟ್ಟುವುದೆ? ಇನ್ನು ನಮ್ಮ ಎತ್ತಿನ ಗಾಡಿಗಳು ಎಡವನ್ನೂ ಬಲವನ್ನೂ ತ್ಯಜಿಸಿ, ಋಷಿಗಳಂತೆ ನಟ್ಟನಡುವೆಯೇ ಸಾಗುತ್ತವೆ. ಅವಕ್ಕೆ ಇಲ್ಲದ ನಿಯಮ, ಕಡಲು ದಾಟಿ ಬಂದು ಯುದ್ಧ ಗೆದ್ದುಕೊಟ್ಟ ಬಡಪಾಯಿಗೆ ಮಾತ್ರವೆ? ನಾನು ಇಷ್ಟೆಲ್ಲ ಹೇಳಿದೆ, ಮನೆಗೆ ಬಂದ ಮೇಲೆ, ಅಕ್ಕನ ಮುಂದೆ.

“ಲಾರೀಗೂ ಅವ್ವನ ನವಾರ ಬಂತು ಅನ್ನು,” ಅಂದಳು ಅಕ್ಕ.

ನವಾರ ಬಿಗಿಯುವ ಕೆಲಸ ನಾನಾ ಪೇಠೆಯ ವಿಠೋಬಾ ಮಿಸ್ತ್ರಿಯ ಪಾಲಿಗೆ ಬಂತು. ಈ ಮಿಸ್ತ್ರಿಗೆ ಒಂದು ವ್ರತವಿತ್ತು. ಬಾಯಿಮಾತು ನಂಬಿ ಹಿಂದೆ ಬೈಸಿಕೊಂಡಿದ್ದರಿಂದ, ಗಿರಾಕಿ ಬರೆದುಕೊಟ್ಟ ಯಾದಿಯಲ್ಲಿ ಇದ್ದಷ್ಟೇ ಮಾಡುವನು. ಒಂದು ತಿರುಪು ಹೆಚ್ಚಿಲ್ಲ, ಒಂದು ತಿರುಪು ಕಡಿಮೆಯಿಲ್ಲ. ಯಾದಿ ಬರೆಯುವ ಗೌರವ ನನಗೆ ಬಂತು. ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಮಾಸ್ತರ. ಎಡದಿಂದ ಬಲಕ್ಕೆ ಬರಬೇಕಾದವು ಎಂದು ಶಿರೋನಾಮೆ ಹಾಕಿ, ಕೆಳಗೆ ಎರಡು ಗೆರೆ ಎಳೆದು, ಚಕ್ರ, ಅದರ ಪೆಟ್ಟಿಗೆ, ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಎಂದು ಇಂಗ್ಲಿಷಿನಲ್ಲೊಮ್ಮೆ ಮರಾಠಿಯಲ್ಲೊಮ್ಮೆ ದುಂಡಗೆ ಬರೆದೆ. ಬಲಗೈಯಿಂದ.

ಮೂರು ವಾರ ನಾನು ಶಾಲೆ ಬಿಟ್ಟೊಡನೆ ಹೋಗಿ ಆ ಶಸ್ತ್ರಕ್ರಿಯೆ ನೋಡಿದೆ. ಮೊದಲ ಸಲ ಚಕ್ರ ಕೂಡಿಸಿದಾಗ ಭಾವ ಬಲಕ್ಕೆ ತಿರುಗಿಸಿದರೆ ಲಾರಿ ಎಡಕ್ಕೆ ಹೊರಟಿತು. ಎದುರಿನ ಉಡುಪಿ ಹೋಟೆಲಿನ ಬೆಂಚು ಮುರಿಯಿತು. ಕಟ್ಟಿದ ಕೈ ತಪ್ಪಿಸಿಕೊಂಡು ತುಪ್ಪದ ಕಡೆ ಹೋಗುವ ರೀತಿ ನನಗೆ ಹೊಸದಲ್ಲ. ಮಿಸ್ತ್ರಿ ಪೆಟ್ಟಿಗೆ ಬಿಚ್ಚಿ ಮಗುಚಿ ಕೂಡಿಸಿದ. ಗೇರಿನ ದಂಡ ಮೊದಲೇ ನಡುವೆ ಇದ್ದುದರಿಂದ ಯಾವ ಪಕ್ಷಕ್ಕೂ ಸೇರದೆ ಬದುಕಿಕೊಂಡಿತು. ಆಗಲೇ ನನಗೆ ಒಂದು ಘೋರ ಸತ್ಯ ಹೊಳೆಯಿತು. ಬಲಕ್ಕೆ ಕೂತವನಿಗೆ ಗೇರು ಎಡಗೈಗೆ ಬರುತ್ತದೆ! ಇಷ್ಟು ದಿನ ಬಲಗೈಯಲ್ಲಿ ಸರಾಗವಾಗಿ ನಡೆಯುತ್ತಿದ್ದ ಕೆಲಸವನ್ನು, ಬಲದ ಮರ್ಯಾದೆ ಕಾಯುವುದಕ್ಕಾಗಿ, ಎಡಗೈಗೆ ಒಪ್ಪಿಸಿದ್ದರು. ಭಾವ ದಂಡ ಹಿಡಿದು ಒದ್ದಾಡುತ್ತಿದ್ದರು. “ಎಡಗೈ ಮಾತ ಕೇಳವಲ್ದು ಮಾಸ್ತರ,” ಅಂದರು. ಎಲ್ಲಿ ಕೇಳೀತು? ಚಿಕ್ಕಂದಿನಿಂದ ಅದಕ್ಕೆ ಏನು ಕಲಿಸಿದ್ದೀರಿ?

ದೀಪಾವಳಿಗೆ ನಾಲ್ಕು ದಿನವಿರುವಾಗ ಪರೀಕ್ಷೆ. ಸಾಹೇಬರು ಬಂದರು, ಬಗ್ಗಿ ನೋಡಿದರು, ಹತ್ತಿ ನೋಡಿದರು. ಮುಖದಲ್ಲಿ ಮೆಚ್ಚಿಗೆಯಂಥದ್ದೇನೋ ಕಾಣಿಸಿತು. “ಹಾರ್ನು?” ಎಂದರು.

ಭಾವ ನನ್ನನ್ನು ನೋಡಿದರು. ನಾನು ಮಿಸ್ತ್ರಿಯನ್ನು ನೋಡಿದೆ. ಲಾರಿಯ ವಿದ್ಯುತ್ತಿನ ಹಾರ್ನು ಹರಾಜಿಗೆ ಮೊದಲೇ ಯಾರದೋ ಪಾಲಾಗಿತ್ತು. ಭಾವ ತಂದ ದಿನವೇ ಎಡಬಾಗಿಲಿನ ಹೊರಗೆ, ರಬ್ಬರಿನ ಬುರುಡೆ ಹಿಸುಕಿ ಊದಿಸುವ ಹಿತ್ತಾಳೆಯ ಹಾರ್ನೊಂದನ್ನು ರಿವಿಟ್ಟು ಹೊಡೆದು ಕೂಡಿಸಿದ್ದರು. ಅದು ಅಲ್ಲೇ ಇತ್ತು, ಬಲಕ್ಕೆ ಕೂತವನ ಕೈಗೆ ಎಟುಕದಷ್ಟು ದೂರ. ವಿಠೋಬಾ ಕಿಸೆಯಿಂದ ನನ್ನ ಯಾದಿ ತೆಗೆದು, ಎರಡು ಗೆರೆ ಎಳೆದ ಶಿರೋನಾಮೆ ಸಮೇತ ನನ್ನ ಮೂಗಿನ ಕೆಳಗೆ ಹಿಡಿದ. “ಯಾದೀತ ನಾಹೀ, ಮಾಸ್ತರ್.” ಪಟ್ಟಿಯಲ್ಲಿ ಇಲ್ಲ. ಇರಲಿಲ್ಲ.

“ನಿಮ್ಮ ಇಂಗ್ಲೀಷಿನ್ಯಾಗ ಹಾರ್ನಿಗೆ ಶಬ್ದ ಇಲ್ಲೇನ್ರಿ?” ಭಾವ ಮೆಲ್ಲಗೆ ಕೇಳಿದರು. ಅವರು ನಗುತ್ತಿರಲಿಲ್ಲ. ಅವರ ಕಣ್ಣ ಮುಂದೆ ಭೋರಿನವನು ಬೆಲ್ಲ ಹೇರುತ್ತಿದ್ದ. ಎಲ್ಲರ ಮೇಲೂ ಸಿಟ್ಟಾಗಿದ್ದ ನನಗೆ ಆಗ ಸಿಟ್ಟಾಗಲು ಯಾರೂ ಸಿಗಲಿಲ್ಲ, ನನ್ನನ್ನು ಬಿಟ್ಟು.

“ಸಾಹೇಬರ, ಒಮ್ಮೆ ಘಾಟಿಗೆ ಹೋಗಿ ಬರೋಣ. ಓಡೂದು ನೋಡ್ರಿ, ಆಮ್ಯಾಲೆ ಬ್ಯಾಡ ಅನ್ರಿ,” ಎಂದು ಭಾವ ಕೈಮುಗಿದರು. ಸಾಹೇಬರು ಬೆಳಗಾವಿಯವರು, ಕನ್ನಡ ಕೇಳಿ ಸ್ವಲ್ಪ ಮೆತ್ತಗಾದರು. ಅವರ ಪದವಿಗೆ ಕಿಟಕಿಯ ಸ್ಥಾನವೇ ತಕ್ಕದ್ದೆಂದು ಎಡಬಾಗಿಲಿನ ಬಳಿ ಕೂತರು. ನಾನು ನಡುವೆ, ಗೇರಿನ ದಂಡವನ್ನು ಮೊಣಕಾಲಿನಿಂದ ತಪ್ಪಿಸಿಕೊಳ್ಳುತ್ತ ಕೂತೆ.

ದಿವೆ ಘಾಟಿಯ ಮೊದಲ ತಿರುವಿನಲ್ಲೇ ಎದುರಿನಿಂದ ಕಬ್ಬಿನ ಗಾಡಿಗಳ ಸಾಲು, ಋಷಿಮಾರ್ಗದಲ್ಲಿ. ಭಾವನ ಎರಡು ಕೈಯೂ ಚಕ್ರದ ಮೇಲೆ. “ಸಾಹೇಬರ, ಹಾರ್ನ್ ಒತ್ರೀ!” ಎಂದು ಕೂಗಿದರು. ಸಾಹೇಬರು ತಡಬಡಾಯಿಸಿ ಬಲಗೈ ಚಾಚಿದರು; ಎಟುಕಲಿಲ್ಲ. “ಎಡಗೈ! ಎಡಗೈ!” ಎಂದು ನಾನು ಚೀರಿದೆ. ನಲವತ್ತು ವರ್ಷಗಳಿಂದ ಯಾರಾದರೊಬ್ಬರಿಗೆ ಹೇಳಬೇಕೆಂದಿದ್ದ ಮಾತು ಅದು. ಸಾಹೇಬರು ಎಡಗೈಯಲ್ಲಿದ್ದ ಫೈಲು ಬಲಗೈಗೆ ಬದಲಿಸಿ ಎಡಗೈಯಿಂದ ಬುರುಡೆ ಹಿಸುಕಿದರು. ಭೋಂ! ಗಾಡಿಗಳು ಸರಿದವು. ಎರಡನೆಯ ತಿರುವಿಗೆ ಯಾರೂ ಹೇಳುವ ಮೊದಲೇ ಹಿಸುಕಿದರು. ಮೂರನೆಯದಕ್ಕೆ ಎದುರಿಗೆ ಏನೂ ಇರಲಿಲ್ಲ, ಆದರೂ ಹಿಸುಕಿದರು. ಘಾಟಿ ಹತ್ತಿ ಮುಗಿಯುವ ಹೊತ್ತಿಗೆ ಒಂದು ಕಾಗೆಗೂ ಆ ಗೌರವ ಸಂದಿತು.

ಸಾಹೇಬರು ಇಳಿದು, ಬಾನೆಟ್ಟಿನ ಮೇಲೆ ಕಾಗದ ಇಟ್ಟು, ಗಂಭೀರವಾಗಿ ಬರೆದರು: ಹಾರ್ನು ಎಡಗಡೆ ಇರುವುದರಿಂದ, ಅದನ್ನು ಊದಲು ಎಡಗಡೆ ಸದಾ ಒಬ್ಬರು ಕೂತಿರತಕ್ಕದ್ದು. ರುಜು. ಮೊಹರು. ಆ ಮೊಹರು ಬಿದ್ದ ಮೇಲೆ, ಹಾರ್ನನ್ನು ಕದಲಿಸಬೇಕಾದರೆ ಮತ್ತೊಮ್ಮೆ ಪರೀಕ್ಷೆಯಾಗಬೇಕು. ಸರಕಾರ ಎಡಕ್ಕೆ ಇಷ್ಟು ಭದ್ರವಾದ ಸ್ಥಾನ ಕೊಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮನೆಯಲ್ಲಿ ಅಕ್ಕ ಕಾಗದವನ್ನು ದೇವರ ಮುಂದೆ ಇಟ್ಟಳು. “ಯಾದಿ ಬರೀಲಿಕ್ಕೆ ಬರದವರು ಕೂತು ಹಾರ್ನ್ ಊದಬೇಕು. ಸಾಲಿಗೆ ಸೂಟಿ ಅದ ಅಲ್ಲ ನಿನಗ?” ಅಂದಳು.

ದೀಪಾವಳಿಯ ಮರುವಾರ ಬಾರಾಮತಿಯ ಮೊದಲ ಹೇರು ಬೆಲ್ಲ ಪುಣೆಗೆ ಬಂತು. ಲಾರಿ ಓಡಿಸಿದವರು ಭಾವ. ಹಾರ್ನು ಊದಿದವನು ನಾನು, ಎಡಗೈಯಿಂದ.