ನಡುವಿನ ಭಾನುವಾರದ ಕೇಕು

ಬೀದಿಯವರೆಲ್ಲ ಅವಳನ್ನು ಹಲ್ಲಿನಕ್ಕ ಎಂದೇ ಕರೆಯುತ್ತಿದ್ದರು. ಕೃತಕ ಹಲ್ಲುಗಳನ್ನು ಮಾಡುವ ಒಂದು ಪುಟ್ಟ ಲ್ಯಾಬಿನಲ್ಲಿ ಅವಳಿಗೆ ಇಪ್ಪತ್ತೊಂಬತ್ತು ವರ್ಷಗಳಿಂದ ಕೆಲಸ. ಹಲ್ಲಿನ ಡಾಕ್ಟರುಗಳು ರೋಗಿಗಳ ದವಡೆಯ ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಗಾರೆಪುಡಿಯಂಥ ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ ಆ ಅಚ್ಚಿಗೆ ಸುರಿಯುತ್ತಾಳೆ. ಸುರಿದ ಮೇಲೆ ಅಚ್ಚನ್ನು ಮೇಜಿಗೆ ಕುಟ್ಟಬೇಕು. ಕುಟ್ಟಿದಂತೆಲ್ಲ ಒಳಗಿನ ಗಾಳಿ ಸಣ್ಣ ಸಣ್ಣ ಗುಳ್ಳೆಗಳಾಗಿ ಮೇಲೆ ಬಂದು ಒಡೆಯುತ್ತದೆ. ಒಂದೇ ಒಂದು ಗುಳ್ಳೆ ಒಳಗುಳಿದರೂ ನಾಳೆ ಅದು ಯಾರದೋ ಒಸಡಿಗೆ ಚುಚ್ಚುತ್ತದೆ. ಅವಳ ಕೈಯಿಂದ ಹೋದ ಅಚ್ಚಿನಲ್ಲಿ ಗುಳ್ಳೆ ಸಿಕ್ಕಿದ್ದಿಲ್ಲ. ಈಗ ಲ್ಯಾಬಿನಲ್ಲಿ ಅದಕ್ಕೆಂದೇ ಗಡಗಡ ನಡುಗುವ ಮಷೀನಿದೆ. ಅವಳು ಮಾತ್ರ ಮಷೀನನ್ನು ನಂಬದೆ, ಕೊನೆಗೆ ಹತ್ತು ಸಲ ತಾನೇ ಕುಟ್ಟುತ್ತಾಳೆ.

ಹೋದ ವರ್ಷದವರೆಗೂ ಮನೆಯಲ್ಲಿ ಇಬ್ಬರಿದ್ದರು, ಅವಳು ಮತ್ತು ತಂಗಿ. ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂತು ಕೂತು ನಲವತ್ತೆಂಟು ವರ್ಷವಾಗಿದ್ದ ತಂಗಿ, ಇನ್ನು ಮದುವೆಯ ಮಾತೇ ಇಲ್ಲ ಎಂದು ಎಲ್ಲರೂ ಕೈಬಿಟ್ಟಿದ್ದ ಹೊತ್ತಿನಲ್ಲಿ, ರೈಲ್ವೆ ಸಿಗ್ನಲ್ ರಿಪೇರಿ ಮಾಡುವ ಒಬ್ಬ ಮೃದು ಮಾತಿನ ಮನುಷ್ಯನನ್ನು ಮದುವೆಯಾಗಿ ಆರು ಗಂಟೆ ದೂರದ ಊರಿಗೆ ಹೋದಳು. ಅಕ್ಕ ಅತ್ತಿರಲಿಲ್ಲ. ಸೂಟ್‌ಕೇಸಿಗೆ ಹಗ್ಗ ಬಿಗಿದು ಕೊಟ್ಟಿದ್ದಳು.

"ನೀನೊಬ್ಬಳೇ ಹೇಗೆ ಇರ್ತೀಯಕ್ಕ?" ಎಂದು ತಂಗಿ ಕೇಳಿದ್ದಳು.

"ಹೇಗೆ ಅಂದ್ರೆ? ತೊಳೆಯೋ ಪಾತ್ರೆ ಅರ್ಧ ಆಗುತ್ತೆ. ಹೋಗು ಪುಟ್ಟಿ, ರೈಲು ತಪ್ಪುತ್ತೆ."

"ನಡುವಿನ ಭಾನುವಾರ ಬಂದ್ರೆ?"

"ಕೇಕು ತಾನೆ? ನಾನೇ ಮಾಡ್ಕೋತೀನಿ ಬಿಡು. ಅದೇನು ಮಹಾ."

ಅವರಿಬ್ಬರ ಹುಟ್ಟುಹಬ್ಬಗಳ ನಡುವೆ ಒಂಬತ್ತು ದಿನಗಳ ಅಂತರ. ಎರಡು ಕೇಕು ದಂಡ ಎಂದು ಅವರ ತಾಯಿ ನಡುವೆ ಬರುವ ಭಾನುವಾರ ಒಂದೇ ಕೇಕು ಮಾಡುತ್ತಿದ್ದಳು. ತಾಯಿ ತೀರಿಕೊಂಡ ಮೇಲೂ ಅದೇ ನಿಂಬೆಹಣ್ಣಿನ ಕೇಕು, ಅದೇ ಭಾನುವಾರ. ಬರೆದಿಟ್ಟ ಚೀಟಿಯಿರಲಿಲ್ಲ. ಅಡುಗೆಮನೆ ರೈಲಿನ ಡಬ್ಬಿಯಂತೆ ಉದ್ದ, ಕಿರಿದು. ಎರಡೂ ಗೋಡೆಗೆ ಒಂದೊಂದು ಕಟ್ಟೆ. ಇಬ್ಬರು ನಿಂತರೆ ಬೆನ್ನಿಗೆ ಬೆನ್ನು. ಕಿಟಕಿ ಕಡೆಯ ಕಟ್ಟೆ ಅಕ್ಕನದು: ಬೆಣ್ಣೆ, ಸಕ್ಕರೆ, ಮೊಟ್ಟೆ, ನಿಂಬೆಹಣ್ಣು. ಒಳಗೋಡೆಯ ಕಟ್ಟೆ ತಂಗಿಯದು: ಮೈದಾ, ಜರಡಿ, ಬೇಕಿಂಗ್ ಪೌಡರ್, ಓವನ್. ಕೊನೆಗೆ ತಂಗಿ ಜರಡಿ ಹಿಡಿದ ಹಿಟ್ಟನ್ನು ತಂದು ಮೂರು ಸಲವಾಗಿ ಅಕ್ಕನ ಬೋಗುಣಿಗೆ ಸುರಿಯುತ್ತಿದ್ದಳು. ಅಕ್ಕ ಅದನ್ನು ಕಲಸಿ ಟಿನ್ನಿಗೆ ತುಂಬುತ್ತಿದ್ದಂತೆ ತಂಗಿ ಕೈಯಿಂದ ಕಿತ್ತುಕೊಂಡು ಹೋಗಿ ಓವನ್ನಿಗೆ ಇಡುತ್ತಿದ್ದಳು. ಎಲ್ಲದಕ್ಕೂ ಆತುರ ಇವಳಿಗೆ ಎಂದು ಅಕ್ಕ ಬೈಯುತ್ತಿದ್ದಳು. ಹೀಗೆ ಇಪ್ಪತ್ತಾರು ಕೇಕು.

ಈ ವರ್ಷದ ಭಾನುವಾರ ಅವಳು ಎಂಟು ಗಂಟೆಗೇ ಎರಡು ಕಟ್ಟೆಗಳನ್ನೂ ಒರೆಸಿದಳು. ಇದನ್ನು ಒಬ್ಬಳೇ ಮಾಡಬೇಕು. ಮಾಡಿ, ಬುಧವಾರ ತಂಗಿಯ ಫೋನು ಬಂದಾಗ, ಏನೂ ಅಲ್ಲದ ಮಾತಿನಂತೆ ಹೇಳಬೇಕು: ಭಾನುವಾರ ಕೇಕು ಮಾಡಿದ್ದೆ, ಚೆನ್ನಾಗಿತ್ತು. ಪ್ರತಿ ಬುಧವಾರ ಸಂಜೆ ಅವರು ಮಾತಾಡುತ್ತಿದ್ದರು. ಗ್ಯಾಸು ಬಂತಾ, ನಲ್ಲಿ ಸರಿಯಾಯಿತಾ, ಅಲ್ಲಿ ಚಳಿಯಾ. ನಾಲ್ಕು ನಿಮಿಷಕ್ಕೆ ಮಾತು ಮುಗಿಯುತ್ತಿತ್ತು. ಈ ಬುಧವಾರ ತನ್ನ ಹತ್ತಿರ ಹೇಳಲು ಒಂದು ಸಂಗತಿಯಿರುತ್ತದೆ, ತಾನು ಸೋತಿಲ್ಲವೆಂಬ ಸಂಗತಿ. ಆಮೇಲೆ, ನೀನಿಲ್ಲದೆ ನನ್ನ ಕೈಗೆ ಕೇಕು ಬರಲೇ ಇಲ್ಲ ಅಕ್ಕ ಎಂದು ತಂಗಿ ಅಂದರೆ ಇನ್ನೂ ಒಳ್ಳೆಯದು. ಈ ಎರಡನೆಯ ಆಸೆಯನ್ನು ಅವಳು ತನಗೆ ತಾನೇ ಒಪ್ಪಿಕೊಂಡಿರಲಿಲ್ಲ.

ತನ್ನ ಪಾಲು ಸಲೀಸಾಗಿ ನಡೆಯಿತು. ನಿಂಬೆಯ ಹಳದಿ ಸಿಪ್ಪೆಯನ್ನಷ್ಟೇ, ಕೆಳಗಿನ ಬಿಳಿಗೆ ತಾಗದಂತೆ ತುರಿದಳು. ತುರಿಯನ್ನು ಸಕ್ಕರೆಯಲ್ಲಿ ಬೆರಳ ತುದಿಯಿಂದ ಉಜ್ಜಿದಳು. ಸಕ್ಕರೆ ಒದ್ದೆಯಾಗಿ, ಹಳದಿಯಾಗಿ, ಮನೆಯೆಲ್ಲ ಘಮ್ಮೆಂದಿತು. ಬೆಣ್ಣೆ ಹಾಕಿ, ಕೈ ಸೋಲುವವರೆಗೆ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದಳು. ಮೊಟ್ಟೆಗಳನ್ನು ಒಂದೊಂದಾಗಿ ಒಡೆದು ಸೇರಿಸಿದಳು. ಆಮೇಲೆ ಒಳಗೋಡೆಯ ಕಟ್ಟೆಗೆ ತಿರುಗಿದಳು. ಅಲ್ಲಿ ಅವಳ ಕೈಗೆ ಏನೂ ಗೊತ್ತಿರಲಿಲ್ಲ. ಪೌಡರಿನ ಡಬ್ಬಿಯ ಮೇಲೆ ಬರೆದಿದ್ದನ್ನು ಓದಿ ಅಷ್ಟು ಹಾಕಿದಳು, ಜರಡಿ ಹಿಡಿದಳು, ಕಲಸಿದಳು. ಟಿನ್ನಿಗೆ ಸುರಿದಳು. ಈ ಸಲ ಅದನ್ನು ಕಿತ್ತುಕೊಳ್ಳುವವರಿರಲಿಲ್ಲ. ಹಿಟ್ಟಿನ ಮೇಲೆ ಒಂದು ಗುಳ್ಳೆ ಕಂಡಿತು. ಅವಳು ಟಿನ್ನನ್ನು ಎತ್ತಿ ಕಟ್ಟೆಗೆ ಕುಟ್ಟಿದಳು. ಇನ್ನೊಂದು ಗುಳ್ಳೆ ಬಂತು. ಮತ್ತೆ ಕುಟ್ಟಿದಳು. ಬರುತ್ತಲೇ ಇದ್ದವು. ಕಾಲು ಗಂಟೆ ಕುಟ್ಟಿದ ಮೇಲೆ ಮೇಲ್ಮೈ ಕನ್ನಡಿಯಂತಾಯಿತು. ತೃಪ್ತಿಯಿಂದ ಓವನ್ನಿಗೆ ಇಟ್ಟಳು.

ಕೆಳಗಿನ ಮನೆಯ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಮನೆಯ ಮಾಲೀಕಳೂ ಅವಳೇ.

"ಏನೇ ಇದು, ಭಾನುವಾರಾನೂ ಕೆಲಸ ಮನೆಗೆ ತಂದಿದ್ದೀಯಾ? ಸೂರೆಲ್ಲ ದಡದಡ ಅಂತಿದೆ. ನನ್ನ ಹಲ್ಲು ಲೋಟದಲ್ಲಿ ಕುಣೀತಿತ್ತು."

"ಕೇಕು ಅಜ್ಜಿ."

"ಕೇಕಿಗೆ ಯಾಕೆ ಹೊಡೆತ, ಪಾಪ? ಪುಟ್ಟಿ ಫೋನ್ ಮಾಡಿದ್ಳಾ?"

"ಅವಳು ಬುಧವಾರ ಮಾಡೋದು."

ಕೇಕು ಬರಲಿ, ತಿಂದೇ ಹೋಗುತ್ತೇನೆಂದು ಅಜ್ಜಿ ಕೂತಳು. ಮುಕ್ಕಾಲು ಗಂಟೆಯ ನಂತರ ಹೊರಬಂದದ್ದು ಓವನ್ನಿಗಿಟ್ಟಾಗ ಎಷ್ಟಿತ್ತೋ ಅಷ್ಟೇ ಇತ್ತು. ಬೆರಳಿಂದ ತಟ್ಟಿದರೆ ಹಲಗೆಯ ಸದ್ದು. ಅಜ್ಜಿ ಒಂದು ತುಂಡನ್ನು ಬಾಯಿಗಿಟ್ಟು ಬಹಳ ಹೊತ್ತು ಅಗಿದಳು.

"ಹಲ್ಲೂ ನಿಂದೇ, ಕೇಕೂ ನಿಂದೇ. ಒಂದಕ್ಕೊಂದು ಸೋಲ್ತಾ ಇಲ್ಲ ಕಣೇ."

ಹಲ್ಲಿನಕ್ಕ ನಗಲು ನೋಡಿದಳು. ನಗು ಅರ್ಧಕ್ಕೇ ನಿಂತಿತು. ಅಜ್ಜಿಗೆ ಅದು ಕಂಡಿತು. "ವಾಸನೆ ಮಾತ್ರ ಚೆನ್ನಾಗಿದೆ," ಎಂದು ಮೆಲ್ಲನೆ ಎದ್ದು ಹೋದಳು.

ಮನೆ ಮತ್ತೆ ಸುಮ್ಮನಾಯಿತು. ಇನ್ನೂ ನಾಲ್ಕು ಮೊಟ್ಟೆಗಳಿದ್ದವು, ಬೆಣ್ಣೆಯಿತ್ತು, ಮೂರು ನಿಂಬೆಹಣ್ಣುಗಳಿದ್ದವು. ಇನ್ನೊಂದು ಮಾಡಬಹುದು. ಆದರೆ ಯಾವ ತಪ್ಪನ್ನು ತಿದ್ದಬೇಕು? ತಪ್ಪು ತಂಗಿಯ ಪಾಲಿನಲ್ಲೇ ಎಲ್ಲೋ ಇತ್ತು. ಅದೂ ಉಬ್ಬದೆ ಮೊಟ್ಟೆ ಮುಗಿದುಬಿಟ್ಟರೆ ಬುಧವಾರ ಏನೆಂದು ಸುಳ್ಳು ಹೇಳುವುದು? ಕೈ ತೊಳೆದು, ಒರೆಸಿ, ಮತ್ತೆ ತೊಳೆದು, ಕೊನೆಗೆ ಅವಳು ಫೋನು ಎತ್ತಿದಳು.

"ಅಕ್ಕ? ಹುಷಾರಾಗಿದ್ದೀಯಾ? ಇವತ್ತು ಬುಧವಾರ ಅಲ್ಲವಲ್ಲ."

"ನಂಗೇನಾಗಿದೆ, ಗುಂಡುಕಲ್ಲಿನ ಹಾಗಿದ್ದೀನಿ. ಸುಮ್ಮನೆ ಮಾಡಿದೆ."

"ನೀನು? ಸುಮ್ಮನೆ?"

ಅಕ್ಕ ಹಲಗೆಯಂಥ ಕೇಕನ್ನು ಬೆರಳಿಂದ ಅತ್ತ ತಳ್ಳಿದಳು. ಆಮೇಲೆ, "ಕೇಕು ಉಬ್ಬಲಿಲ್ಲ," ಎಂದಳು.

"ಪೌಡರ್ ಹಳೇದಿತ್ತಾ?"

"ನಿನ್ನೆ ತಂದಿದ್ದು."

"ಓವನ್ ಮೊದಲೇ ಬಿಸಿ ಮಾಡಿದ್ಯಾ?"

"ಮಾಡಿದೆ. ಎಲ್ಲಾ ಮಾಡಿದೆ. ಟಿನ್ನಿಗೆ ಹಾಕಿದೆ, ಕುಟ್ಟಿದೆ, ಒಳಗಿಟ್ಟೆ."

"ಕುಟ್ಟಿದ್ಯಾ. ಎಷ್ಟು ಹೊತ್ತು?"

"ಗುಳ್ಳೆ ಹೋಗೋ ತನಕ."

ಆ ಕಡೆಯಿಂದ ನಗು ಕೇಳಿಸಿತು. ಬಸ್ ನಿಲ್ದಾಣದಿಂದ ಬಂದ ಸಂಜೆಗಳಲ್ಲಿ, ಚಪ್ಪಲಿ ಬಿಡುವಾಗಲೇ ಶುರುವಾಗುತ್ತಿದ್ದ ನಗು. "ಅಯ್ಯೋ ಅಕ್ಕ, ಆ ಗುಳ್ಳೇನೇ ಕಣೇ ಕೇಕು. ಇಷ್ಟು ವರ್ಷ ನಿನ್ನ ಕೈಯಿಂದ ಟಿನ್ನು ಯಾಕೆ ಕಿತ್ಕೋತಿದ್ದೆ ಅಂದ್ಕೊಂಡೆ?"

"ನಿಂಗೆ ಆತುರ ಅಂದ್ಕೊಂಡೆ."

"ಆತುರಾನೇ. ನೀನು ಕುಟ್ಟೋದರೊಳಗೆ ಇಸ್ಕೊಳ್ಳೋ ಆತುರ. ಮೊದಲನೇ ವರ್ಷ ನೀನು ಕೈ ಎತ್ತಿದ್ದು ನೋಡಿದ್ದೆ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಕೇಳ್ತಿದ್ಯಾ?"

ತಂಗಿಯ ಕಡೆ ಪಾತ್ರೆಯ ಸದ್ದಾಯಿತು.

"ನೀನೇನು ಮಾಡ್ತಿದ್ದೀಯ?" ಎಂದು ಅಕ್ಕ ಕೇಳಿದಳು.

"ಅದೇ. ಒಳಗಿಟ್ಟಾಯ್ತು, ಇನ್ನು ಹತ್ತು ನಿಮಿಷ."

"ನನ್ನ ಪಾಲು ಯಾರು ಮಾಡಿದ್ರು?"

"ನಾನೇ. ಅದರಲ್ಲೇನಿದೆ, ಹಿಂದೆ ತಿರುಗಿ ನೋಡ್ತಿದ್ದೆನಲ್ಲ, ನೀನು ಮಾಡೋದನ್ನ."

"ಸಿಪ್ಪೆ ತುರೀವಾಗ ಬಿಳಿ ಬಂದ್ಬಿಡುತ್ತೆ. ಕಹಿ ಬರಲ್ವಾ?" ಅವಳ ದನಿಯಲ್ಲಿ ಸಣ್ಣ ಆಸೆಯಿತ್ತು.

"ಇಲ್ಲಕ್ಕ. ಚೆನ್ನಾಗೇ ಬರುತ್ತೆ. ಅವರಿಗೂ ಇಷ್ಟ, ಈ ವರ್ಷದಲ್ಲಿ ಇದು ಐದನೇದು."

ಐದನೆಯದು. ಹಲ್ಲಿನಕ್ಕ ಕಟ್ಟೆಗೆ ಒರಗಿ ನಿಂತಳು. ತಂಗಿಗೆ ಇಡೀ ಕೇಕು ಗೊತ್ತಿತ್ತು. ತಾನು ಅಷ್ಟು ವರ್ಷ ಒಂದು ಸಲವೂ ಹಿಂದೆ ತಿರುಗಿರಲಿಲ್ಲ. ಬೆನ್ನ ಹಿಂದೆ ಜರಡಿಯ ಸದ್ದಾಗುತ್ತಿತ್ತು, ಹಿಟ್ಟು ಬರುತ್ತಿತ್ತು, ಸಾಕಾಗಿತ್ತು. ಈ ಒಂದು ವರ್ಷದ ಬುಧವಾರಗಳೂ ಹಾಗೆಯೇ ಹೋಗಿದ್ದವು. ತಂಗಿ ಹೋಗಿ ನೆಲೆಸಿದ ಮನೆ ಹೇಗಿದೆಯೆಂದು ತಾನು ಕೇಳಿರಲಿಲ್ಲ. ಕೇಳಿದರೆ, ಚೆನ್ನಾಗಿದೆ ಎಂದುಬಿಟ್ಟಾಳು ಎಂಬ ಹೆದರಿಕೆ.

"ಪುಟ್ಟಿ," ಎಂದಳು. "ಅಲ್ಲಿ ನಿನ್ನ ಅಡುಗೆಮನೆ ಹೇಗಿದೆ?"

ತಂಗಿ ಮಾತು ಶುರುಮಾಡಿದಳು. ಮೊದಲು ತಡೆದು ತಡೆದು, ಆಮೇಲೆ ತಡೆಯಿಲ್ಲದೆ. ಕಟ್ಟೆ ಎತ್ತರವಾಯಿತಂತೆ, ತಾನು ನಿಲ್ಲಲು ಅವರು ಒಂದು ಹಲಗೆ ಮಾಡಿಕೊಟ್ಟಿದ್ದಾರಂತೆ. ಕಿಟಕಿಯಿಂದ ಗೂಡ್ಸ್ ಗಾಡಿಗಳು ಕಾಣುತ್ತವಂತೆ, ಡಬ್ಬಿ ಎಣಿಸುವುದು ಅಭ್ಯಾಸವಾಗಿದೆಯಂತೆ. ಮೊದಲ ಮೂರು ತಿಂಗಳು ಆ ಸದ್ದಿಗೆ ಅಳು ಬರುತ್ತಿತ್ತಂತೆ. ಪಕ್ಕದ ಮನೆಯವಳ ಬೆಕ್ಕು ಬೆಣ್ಣೆ ಕದ್ದದ್ದು, ಅವರು ಬೆಕ್ಕಿನ ಪರ ವಹಿಸಿದ್ದು. ಅಕ್ಕ ನಡುವೆ ಬಾಯಿ ಹಾಕಲಿಲ್ಲ. ಅತ್ತ ಓವನ್ನಿನ ಗಂಟೆ ಹೊಡೆಯಿತು.

"ಇಡ್ತೀನಕ್ಕ, ಸೀದುಹೋಗುತ್ತೆ. ನೀನು ಇನ್ನೊಂದು ಮಾಡು. ಕುಟ್ಟಬೇಡ."

"ಅಳು ಬಂತು ಅಂತ ಆಗಲೇ ಯಾಕೆ ಹೇಳಲಿಲ್ಲ?" ಎಂದು ಅಕ್ಕ ಕೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು.

ಅವಳು ಇನ್ನೊಂದು ಮಾಡಿದಳು. ಟಿನ್ನು ತುಂಬಿದಾಗ ಗುಳ್ಳೆಗಳು ಮೇಲೆದ್ದು ಅವಳನ್ನೇ ನೋಡಿದವು. ಕೈ ತಾನಾಗಿ ಮೇಲಕ್ಕೆ ಹೋಯಿತು. ಹಿಡಿದು ಇಳಿಸಿದಳು. ಓವನ್ನಿನ ಗಾಜಿಗೆ ಮುಖವೊಡ್ಡಿ ಕೂತಳು. ಹಿಟ್ಟು ನಿದ್ದೆಯಲ್ಲಿ ಉಸಿರೆಳೆದಂತೆ ನಿಧಾನಕ್ಕೆ ಏರಿತು, ನಡುವೆ ಒಂದು ಬಿರುಕು ಬಿಟ್ಟು ಕೆಂಪಗಾಯಿತು. ಹೊರತೆಗೆದು, ಬಿಸಿಯಿರುವಾಗಲೇ ನಿಂಬೆರಸ ಸಕ್ಕರೆಯ ಪಾಕ ಸುರಿದಳು. ಆರಿದ ಮೇಲೆ ಒಂದು ತುಂಡು ಕೊಯ್ದು, ನಿಂತೇ ತಿಂದಳು. ಚೆನ್ನಾಗಿತ್ತು. ಒಬ್ಬಳೇ ಮಾಡಿದ್ದಳು, ತಂಗಿಗೆ ಅಂದು ಹೇಳಿದ್ದು ನಿಜವಾಗಿತ್ತು. ಆದರೆ ಬೆಳಿಗ್ಗೆ ಅಂದುಕೊಂಡಷ್ಟು ಸಂತೋಷ ಅದರಲ್ಲಿ ಸಿಗಲಿಲ್ಲ.

ಮಧ್ಯಾಹ್ನದ ಬಿಸಿಲು ಮೆಟ್ಟಿಲ ಮೇಲೆ ಇಳಿಯುತ್ತಿದ್ದಾಗ ಅವಳು ತಟ್ಟೆ ಹಿಡಿದು ಕೆಳಗೆ ಹೋದಳು. ಅಜ್ಜಿ ಮೊದಲು ಅನುಮಾನದಿಂದ ಬೆರಳಲ್ಲಿ ಒತ್ತಿ ನೋಡಿದಳು. ಆಮೇಲೆ ಮಾತಿಲ್ಲದೆ ಎರಡು ತುಂಡು ತಿಂದು ಕುರ್ಚಿ ಎಳೆದುಕೊಟ್ಟಳು.

"ಕೂತ್ಕೋ. ಪುಟ್ಟಿ ಏನಂದ್ಳು?"

ಹಲ್ಲಿನಕ್ಕ ಕೂತಳು. ಮಡಿಲಲ್ಲಿ ಕೈ ಜೋಡಿಸಿಕೊಂಡು, ತಾನೇ ಹೋಗಿ ನೋಡಿ ಬಂದವಳಂತೆ, ಮೊದಲಿಂದ ಹೇಳತೊಡಗಿದಳು.

"ಅವಳ ಅಡುಗೆಮನೆ ಕಿಟಕಿಯಿಂದ ಗೂಡ್ಸ್ ಗಾಡಿ ಕಾಣುತ್ತಂತೆ ಅಜ್ಜಿ."