ಹಾವು ಯಾರನ್ನು ನೋಡಿತು

ಹೈದರಾಬಾದಿನ ಝೂಗೆ ಹೋಗೋಣ ಎಂದು ಹಟ ಹಿಡಿದವರು ನಮ್ಮ ಅತ್ತೆ. ಶಹಾಪುರದಲ್ಲಿ ಕಿರಾಣಿ ಅಂಗಡಿ ನಡೆಸುವ ಅವರಿಗೆ ಹುಲಿ ನೋಡುವ ಹುಚ್ಚು. ಇಬ್ಬರೂ ಯಾದಗಿರಿಯಲ್ಲಿ ರೈಲು ಹತ್ತಿದೆವು. ನನ್ನ ತಲೆಯಲ್ಲಿ ಬೇರೆಯೇ ಗೊಂದಲ. ಮುಟ್ಟು ತಪ್ಪಿ ಕೆಲವು ದಿನವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಪರೀಕ್ಷೆ ಮಾಡುವ ಕಿಟ್ ಇನ್ನೂ ಬಿಚ್ಚದೆ ಬ್ಯಾಗಿನ ತಳದಲ್ಲಿತ್ತು. ಹಿಂದೊಮ್ಮೆ ಬಸುರಾದಾಗ ಬಾಯಿ ತಡೆಯದೆ ಎಲ್ಲರಿಗೂ ಹೇಳಿ, ಮೂರನೇ ತಿಂಗಳಲ್ಲಿ ಕಳೆದುಕೊಂಡಿದ್ದೆ. ಆಮೇಲೆ ಕೇಳಿದವರಿಗೆಲ್ಲ ಉತ್ತರ ಕೊಟ್ಟು ಕೊಟ್ಟು ಸಾಕಾಗಿತ್ತು.

ಹುಲಿ ಮಲಗಿತ್ತು, ಬೆನ್ನಷ್ಟೇ ಕಂಡಿತು. ಬಿಸಿಲಿಗೆ ಬೇಸತ್ತು ಹಾವಿನ ಮನೆ ಹೊಕ್ಕೆವು. ಕಪ್ಪೆಗಳ ಗಾಜಿನ ಪೆಟ್ಟಿಗೆ ದಾಟಿದರೆ ನಾಗರಹಾವು. ಅತ್ತೆ ಚಪ್ಪಲಿ ಬಿಟ್ಟು ಕೈಮುಗಿದರು. ಹಾವು ಅಲುಗಲಿಲ್ಲ. ಅದರ ಕಣ್ಣು ಹಾಲು ತುಂಬಿದ ಹಾಗೆ ಬೆಳ್ಳಗಿತ್ತು. ಅತ್ತೆ ಹಾವನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಬಸುರಿ ಎದುರಿಗೆ ನಿಂತ್ರ ಹಾವಿಗೆ ಕಣ್ಣು ಕಾಣಂಗಿಲ್ಲ. ಏನವ್ವಾ?"

ನನಗೆ ಸಿಟ್ಟೇ ಬಂತು. ಭೀಮರಾಯನಗುಡಿಯ ಕೃಷಿ ಕಾಲೇಜಿನಲ್ಲಿ ಓದಿದವಳು ನಾನು.

"ಪೊರಿ ಬಿಡೂಕಿಂತ ಮೊದ್ಲ ಎಲ್ಲಾ ಹಾವಿಂದೂ ಹಂಗೇ ಆಗ್ತದ್ರಿ ಅತ್ತಿ," ಎಂದೆ.

"ಹೌದೇನು," ಎಂದು ಅವರು ಚಪ್ಪಲಿ ಮೆಟ್ಟಿಕೊಂಡರು. ಅವರ ಮುಖ ಸಣ್ಣದಾದದ್ದು ಕಂಡು, ಯಾಕಾದರೂ ಹೇಳಿದೆನೋ ಅನ್ನಿಸಿತು. ನಾನು ಇಲ್ಲವೆಂದದ್ದು ಹಾವಿನ ಮಾತಿಗೋ ಬಸುರಿನ ಮಾತಿಗೋ, ನನಗೇ ತಿಳಿಯಲಿಲ್ಲ.

ಪಕ್ಕದ ಗಾಜಿನೊಳಗೆ ಕೇರೆ ಹಾವು. ನಾನು ಎದುರು ನಿಂತದ್ದೇ ತಡ, ತಲೆ ಎತ್ತಿತು. ಎಡಕ್ಕೆ ಸರಿದೆ, ಅದರ ತಲೆಯೂ ಎಡಕ್ಕೆ ತಿರುಗಿತು. ಮಿರುಗುವ ಕರಿ ಕಣ್ಣು ನೆಟ್ಟಗೆ ನನ್ನ ಮೇಲೆ. ಹಾಗಾದರೆ ನಾನು ಬಸುರಿಯಲ್ಲವೇ? ಈಗಷ್ಟೇ ದೊಡ್ಡ ಮಾತಾಡಿದ ಬಾಯಿ ಒಣಗಿತು. ನಂಬದವಳಿಗೆ ಇದೇನು ಭಯ? ನಂಬುವವಳಾದರೆ ಆ ಬೆಳ್ಳನೆಯ ಕಣ್ಣು ಕಂಡಾಗ ಯಾಕೆ ಹಿಗ್ಗಲಿಲ್ಲ? ಒಂದೂ ಬಗೆಹರಿಯಲಿಲ್ಲ. ಕೈ ಮಾತ್ರ ತಾನಾಗಿಯೇ ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದಿತ್ತು.

ಅತ್ತೆ ಅದನ್ನು ಕಂಡರು. ನನ್ನನ್ನು ಹಿಂದಕ್ಕೆ ಸರಿಸಿ, ಗಾಜಿಗೂ ನನಗೂ ನಡುವೆ ಸೆರಗು ಅಗಲಿಸಿ ನಿಂತರು.

"ಅದು ನನ್ನ ನೋಡಾಕತ್ತದ," ಎಂದರು. "ನೀ ಹೊರಗ ನಡಿ."