ಶುಕ್ರವಾರ ಮಧ್ಯಾಹ್ನದ ಕಾರು

ಟಕ್. ಟಕ್. ಟಕ್-ಟಕ್-ಟಕ್. ಸ್ಟಾರ್ಟ್ ಬಟನ್ ಒತ್ತಿದಾಗ ಡ್ಯಾಶ್‌ಬೋರ್ಡಿನ ಒಳಗಿಂದ ಬರುತ್ತಿದ್ದ ಆ ಸದ್ದು ಈಗಲೂ ಕಿವಿಯಲ್ಲಿದೆ. ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್ ಬೈದು ಸುಸ್ತಾದ ಮೇಲೆ ಸ್ಕೇಲಿನ ತುದಿಯಿಂದ ಡೆಸ್ಕ್ ತಟ್ಟುತ್ತಿದ್ದರಲ್ಲ, ಹಾಗೆ. ದೀಪಗಳು ಒಮ್ಮೆ ಮಿನುಗಿ ಆರಿಹೋಗುತ್ತಿದ್ದವು. ಅತ್ತಾವರದ ನಮ್ಮ ಮನೆಯ ಪೋರ್ಚಿನಲ್ಲಿ, ಒಳ್ಳೆಯ ಸೀರೆ ಉಟ್ಟು, ಕಪ್ಪು ಕನ್ನಡಕ ಹಾಕಿಕೊಂಡು, ಎಲ್ಲಿಗೂ ಹೋಗಲಾರದ ಕಾರಿನಲ್ಲಿ ನಾನು ಕೂತಿರುತ್ತಿದ್ದೆ.

ನನ್ನವರು ತೀರಿಹೋಗುವ ಸ್ವಲ್ಪ ಮೊದಲು ಆಸೆಪಟ್ಟು ಕೊಂಡ ಹೈಬ್ರಿಡ್ ಕಾರು ಅದು. ನನಗೆ ಅದು ಬೇಕಾಗಿದ್ದುದು ಒಂದೇ ಕೆಲಸಕ್ಕೆ. ಸ್ಕೂಲಿನಿಂದ ಜೊತೆಗಿದ್ದ ನನ್ನ ಬ್ಯಾರಿ ಗೆಳತಿ ಬಂದರಿನಲ್ಲಿ, ಗಂಡನ ಮನೆಯವರ ಬೆಲ್ಲದ ಗೋಡೌನಿನ ಮೇಲಿನ ಮನೆಯಲ್ಲಿ ಇದ್ದಳು. ಮಂಡಿ ಕೆಟ್ಟು ರಿಕ್ಷಾ ಹತ್ತಲಾರಳು. ಆ ಬೀದಿಯಲ್ಲಿ ಹಗಲೆಲ್ಲ ಲಾರಿಗಳು ನಿಂತಿರುತ್ತವೆ, ಕಾರು ನುಸುಳುವುದಿಲ್ಲ. ಶುಕ್ರವಾರ ಜುಮಾ ನಮಾಝಿಗೆ ಶಟರುಗಳು ಇಳಿದು ಲೋಡಿಂಗ್ ನಿಂತಾಗ ಮಾತ್ರ ಅವಳ ಮೆಟ್ಟಿಲಿನ ಬುಡದ ತನಕ ದಾರಿ. ಅವಳು ಮನೆಯಲ್ಲೇ ನಮಾಝ್ ಮುಗಿಸಿ ಗೋಡೆ ಹಿಡಿದು ಇಳಿಯುತ್ತಿದ್ದಳು. ಕಡಲ ಬದಿಯಲ್ಲಿ ಐಸ್‌ಕ್ರೀಂ ತಿಂದು, ಗಂಡಸರು ಉಣ್ಣುವುದು ಮುಗಿಸಿ ಅಂಗಡಿ ತೆರೆಯುವ ಮೊದಲು ವಾಪಸ್. ಶುಕ್ರವಾರ ಕಾರು ಸತ್ತಿತೆಂದರೆ ಆ ವಾರ ಅವಳಿಲ್ಲ, ಅಷ್ಟೇ.

ಮಹಡಿಯಲ್ಲಿರುವ ನನ್ನ ಮೈದುನನಿಗೆ ಇದೇ ಬೇಕಿತ್ತು ಅಂತ ನನ್ನ ಅನಿಸಿಕೆ.

"ಅತ್ತಿಗೆ, ಈ ವಯಸ್ಸಿನಲ್ಲಿ ನಿಮಗೆ ಡ್ರೈವಿಂಗ್ ಎಂತಕ್ಕೆ? ಮಾರಿ ಬಿಡುವ. ರಿಕ್ಷಾ ಇಲ್ವಾ?"

"ಅವಳನ್ನು ರಿಕ್ಷಾಕ್ಕೆ ಎತ್ತಿ ಕೂರಿಸ್ಲಿಕ್ಕೆ ನೀನು ಬರ್ತೀಯಾ?"

"ನಿಮ್ಮ ಹತ್ತಿರ ಮಾತಾಡಿ ಪೂರೈಸ್ಲಿಕ್ಕಿಲ್ಲ. ಕಾರು ಕೊಳ್ಳುವ ಪಾರ್ಟಿ ಉಂಟು, ಅದಕ್ಕೆ ಹೇಳಿದೆ."

ಕೋಪದಲ್ಲಿ ನಾನೂ, "ಆಯ್ತು, ಇನ್ನೊಂದು ಸಲ ನಿಂತರೆ ಮಾರುವ" ಎಂದುಬಿಟ್ಟೆ. ಅವನು ಅದನ್ನು ಮರೆಯುವ ಜನವೇ ಅಲ್ಲ.

ಪಂಪ್‌ವೆಲ್ ಹತ್ತಿರದ ಗ್ಯಾರೇಜಿನಿಂದ ಮೆಕ್ಯಾನಿಕ್ ಬಂದ. ಕಾರು ಓಡಿಸುವ ದೊಡ್ಡ ಬ್ಯಾಟರಿ ಫುಲ್ ಇದೆಯಂತೆ. ಆದರೆ ಅದನ್ನು ಎಬ್ಬಿಸಲು ಡಿಕ್ಕಿಯ ಮೂಲೆಯಲ್ಲಿ ಇನ್ನೊಂದು ಸಣ್ಣ ಬ್ಯಾಟರಿ ಇದೆ, ಅದು ಖಾಲಿ. ಮನೆ ತುಂಬ ಅಕ್ಕಿ ಇಟ್ಟುಕೊಂಡು ಉಗ್ರಾಣದ ಬೀಗದ ಕೈ ಕಳೆದುಕೊಂಡ ಹಾಗೆ. ಹೊಸತು ಹಾಕಿದ. ಕೆಲವೇ ದಿನಗಳಲ್ಲಿ ಪುನಃ ಟಕ್-ಟಕ್. ನನಗೆ ಅವನ ಮೇಲೇ ಡೌಟ್ ಬಂತು, ಯಾರದೋ ಹಳೇ ಬ್ಯಾಟರಿ ಒರೆಸಿ ಹಾಕಿದ್ದಾನೆ ಅಂತ. ಕರೆಂಟ್ ಎಳೆಯುವುದು ಅದೋ ಎಂದು ಅವನು ಡ್ಯಾಶ್‌ಕ್ಯಾಮ್ ಕಿತ್ತು ನೋಡಿದ, ಮೀಟರ್ ಇಟ್ಟು ನೋಡಿದ, ಕೊನೆಗೆ ಕಾರನ್ನು ಗ್ಯಾರೇಜಿಗೆ ಒಯ್ದು ಒಂದು ವಾರ ಸುಮ್ಮನೆ ನಿಲ್ಲಿಸಿದ. ಅಲ್ಲಿ ಏನೂ ಆಗಲಿಲ್ಲ.

"ಅಮ್ಮ, ಕಾರಿನಲ್ಲಿ ಎಂತದೂ ಇಲ್ಲ. ನಿಮ್ಮ ಮನೆಗೆ ಬಂದರೆ ಮಾತ್ರ ಇದರದ್ದು ಹೀಗೆ."

ನನ್ನ ಮನೆಗೆ ಬಂದರೆ ಮಾತ್ರ! ಇದಕ್ಕಿಂತ ದೊಡ್ಡ ಪ್ರೂಫ್ ಬೇಕೇ? ಮೈದುನ ಬೆಳಿಗ್ಗೆ ದಾಸವಾಳ ಕೊಯ್ಯುವ ನೆವದಲ್ಲಿ ಕಾರಿಗೆ ಒಂದು ಸುತ್ತು ಬರುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಬಾನೆಟ್ ಮೇಲೆ ಕೈ ಇಡುತ್ತಿದ್ದ. ಯಾಕೆ? ಒಂದು ಸಂಜೆ ಬಾಗಿಲಿನ ಹಿಡಿಕೆಗಳಿಗೂ ಡಿಕ್ಕಿಗೂ ಟಾಲ್ಕಂ ಪೌಡರ್ ತೆಳುವಾಗಿ ಸವರಿ ಇಟ್ಟೆ. ಬೆಳಿಗ್ಗೆ ಪೌಡರ್ ಇದ್ದ ಹಾಗೇ ಇತ್ತು, ಒಂದು ಬೆರಳಿನ ಗುರುತೂ ಇಲ್ಲ. ಕಾರು ಮಾತ್ರ ಅರೆಜೀವ. ಲಾಕ್ ತೆರೆಯುವಾಗಲೇ ನರಳಿತು. ಅವನು ಗ್ಲೌಸ್ ಹಾಕುತ್ತಾನೋ ಅಂತಲೂ ಯೋಚಿಸಿದೆ.

ಗೆಳತಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವಳು ನಕ್ಕು ನಕ್ಕು ಕೆಮ್ಮಿದಳು.

"ಮೈದುನನಿಗೆ ಪೌಡರ್ ಹಾಕ್ಲಿಕ್ಕೆ ಹೋಗಿದ್ದಿಯಾ? ನಿನಗೆ ತಲೆ ಸಮ ಉಂಟಾ ಮಾರಾಯ್ತಿ?"

"ನಗಬೇಡ. ಕಾರಿನದ್ದು ಮಾತ್ರ ಅಲ್ಲ, ಕೀಯ ಒಳಗಿನ ಸಣ್ಣ ಸೆಲ್ ಸಹ ಪದೇ ಪದೇ ಹೋಗ್ತದೆ. ಅದನ್ನೂ ಅವನೇ—"

"ನಿಲ್ಲು. ಕೀ ಎಲ್ಲಿ ಇಡ್ತಿ ನೀನು?"

"ದೇವರ ಎದುರು."

"ದೇವರು ಎಲ್ಲಿ?"

"ಮುಂದಿನ ಹಾಲ್‌ನಲ್ಲಿ, ಗೋಡೆಯ ಸ್ಟ್ಯಾಂಡಿನಲ್ಲಿ."

"ಗೋಡೆಯ ಆಚೆ?"

ಗೋಡೆಯ ಆಚೆ ಪೋರ್ಚು. ಅಲ್ಲೇ ಕಾರು.

ನಮ್ಮಲ್ಲಿ ಹೊಸ ಗಾಡಿಯ ಕೀ ದೇವರ ಎದುರಿಟ್ಟು ತೆಗೆಯುವುದು ರೂಢಿ. ನನ್ನವರು ಪೂಜೆಯ ದಿನ ಇಟ್ಟರು, ಆಮೇಲೆ ಹಿಂದಿನ ಕೋಣೆಯ ಕಪಾಟಿಗೆ ಹಾಕಿಕೊಂಡರು. ಅವರಿಲ್ಲದೆ ಒಬ್ಬಳೇ ಕಾರು ಬಿಡುವ ಹೆದರಿಕೆಗೆ ನಾನು ಪ್ರತಿ ಸಲ ಮನೆಗೆ ಬಂದವಳೇ ಕೀಯನ್ನು ದೇವರ ಪಾದದ ಬಳಿ ಇಡುತ್ತಿದ್ದೆ. ಮೇಲೊಂದು ಹೂವು.

"ದುಬೈಯಲ್ಲಿ ಮಗನ ಕಾರೂ ಹೀಗೇ ಮಾಡ್ತಿತ್ತು," ಎಂದಳು ಗೆಳತಿ. "ಅದು ಸ್ಮಾರ್ಟ್ ಕೀ ಅಲ್ವಾ? ಹತ್ತಿರ ಇದ್ದರೆ ಯಜಮಾನ ಬಂದ ಅಂತ ಕಾರು ಎಚ್ಚರವೇ ಇರ್ತದೆ, ನಿದ್ದೆ ಮಾಡುದಿಲ್ಲ, ಕಾರಿನದ್ದೂ ಕೀಯದ್ದೂ ಬ್ಯಾಟರಿ ಖಾಲಿ. ಸಿಗ್ನಲ್ ಹೊರಗೆ ಹೋಗದ ಹಾಗೆ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಅಡಿಗೆಮನೆಯಲ್ಲಿಡು. ದೇವರಿಗೆ ಹೂ ಸಾಕು."

ಗ್ಯಾರೇಜಿನಲ್ಲಿ ಕೀ ದೂರದ ಕ್ಯಾಬಿನ್ನಿನ ಗೂಟದಲ್ಲಿ ತೂಗುತ್ತಿದ್ದುದು ಆಗ ನೆನಪಾಯಿತು. ಬ್ಯಾಟರಿಯನ್ನು ಚಾರ್ಜ್ ಮಾಡಿಸಿ, ಕೀಯನ್ನು ಸ್ಟೀಲ್ ಡಬ್ಬಿಗೆ ಹಾಕಿದೆ. ಎರಡೇ ದಿನಕ್ಕೆ ಮೈದುನ ಕೇಳಿದ:

"ಅತ್ತಿಗೆ, ಕೀ ದೇವರ ಹತ್ತಿರ ಕಾಣುದಿಲ್ಲ?"

"ನೀನು ಯಾಕೆ ನೋಡಿದ್ದು?"

"ಸುಮ್ಮನೆ."

ಸುಮ್ಮನೆ ಯಾರೂ ನೋಡುವುದಿಲ್ಲ. ಆನೆಸ್ಟ್ಲಿ, ಅವನ ಮೇಲಿನ ಡೌಟ್ ನನಗೆ ಇವತ್ತಿಗೂ ಪೂರ್ತಿ ಹೋಗಿಲ್ಲ.

ಆ ಶುಕ್ರವಾರ ಕಾರು ಒಂದು ಮಾತಿಲ್ಲದೆ ಎದ್ದಿತು. ಬಂದರಿನ ಬೀದಿ ಖಾಲಿ. ಅವಳು ಇಳಿದು ಬರಲು ತುಂಬ ಹೊತ್ತು ತೆಗೆದುಕೊಂಡಳು. ಸೀಟ್ ಬೆಲ್ಟ್ ಎಳೆಯುವಾಗ ಅವಳ ಬಳೆಗಳು ಮೊಣಕೈ ತನಕ ಜಾರಿದವು.

"ಎಂತ ಇಷ್ಟು ಸಪೂರ ಆಗಿದ್ದಿ?"

"ಡಯಟ್."

ಜನ್ಮದಲ್ಲಿ ಒಂದು ತುಂಡು ಹಲ್ವ ಬಿಟ್ಟವಳಲ್ಲ ಅವಳು. ನನಗೆ ನಂಬಿಕೆ ಬರಲಿಲ್ಲ. ಡಾಕ್ಟರ್ ಏನೆಂದರು ಅಂದೆ. ಕಾರಿಗೆ ಹೊಸ ಸೀಟ್ ಕವರ್ ಹಾಕಿಸು ಅಂದಳು. ಕಡಲ ಬದಿಗೆ ಬೇಡ, ಇಲ್ಲೇ ಹೊಳೆ ಕಾಣುವಲ್ಲಿ ನಿಲ್ಲಿಸು ಅಂದಳು. ದೋಣಿಗಳನ್ನು ನೋಡುತ್ತ ಕೂತೆವು. ಅವಳ ಐಸ್‌ಕ್ರೀಂ ಕಪ್ಪಿನಲ್ಲೇ ಕರಗಿತು. ನಾನು ಪುನಃ ಕೇಳಲು ಬಾಯಿ ತೆರೆದಾಗ, "ಇವತ್ತು ಬೇಡ, ಪ್ಲೀಸ್," ಎಂದಳು, ಕಾನ್ವೆಂಟಿನ ಅದೇ ಇಂಗ್ಲಿಷ್ ದನಿಯಲ್ಲಿ.

ಮುಂದಿನ ಶುಕ್ರವಾರ ಬರುವುದು ಬೇಡವೆಂದು ಅವಳ ಸೊಸೆ ಫೋನ್ ಮಾಡಿದಳು. ಅದರ ಮುಂದಿನದಕ್ಕೆ ಅವಳೇ ಇರಲಿಲ್ಲ.

ಅವಳನ್ನು ಕೊನೆಗೆ ನೋಡಿದ್ದು ದೋಣಿ ನೋಡಿ ವಾಪಸ್ ಬಿಟ್ಟ ಆ ಮಧ್ಯಾಹ್ನ, ಅವಳ ಮನೆಯ ಮೆಟ್ಟಿಲಿನಲ್ಲಿ. ಅರ್ಧ ಹತ್ತಿ, ಉಸಿರು ಸಾಲದೆ ಅಲ್ಲೇ ಕೂತಿದ್ದಳು. ನಾನು ಇಳಿಯಲು ಬಾಗಿಲು ತೆರೆದೆ. ಹಿಂದಿನಿಂದ ಬೆಲ್ಲದ ಲಾರಿ ಹಾರ್ನ್ ಹಾಕಿತು. ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಹೋಗು, ಹೋಗು ಎಂದು ಕೈ ಬೀಸಿದಳು.